ಟೈಪಿಂಗ್ ಮತ್ತು ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್: ಹೈಸ್ಕೂಲ್ ತರಗತಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಟೈಪಿಂಗ್ ತರಗತಿಯಲ್ಲಿ ಮಕ್ಕಳು ಕೈಯೆತ್ತಿ ಕೇಳಿದ್ದು, ಪಾಲಕರು ಚೀಟಿ ಬರೆದು ಕಳಿಸಿದ್ದು, ಪಾಠ ಮುಗಿದ ಮೇಲೆ ಬಾಗಿಲ ಬಳಿ ನಿಂತು ಮೆಲ್ಲಗೆ ಕೇಳಿದ್ದು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯಿಂದಲೇ ಓದಲು ಶುರು ಮಾಡಬಹುದು.

## ಈಗಷ್ಟೇ ಶುರು ಮಾಡಿದವರಿಗೆ

ನಾನು ಎರಡೇ ಬೆರಳಲ್ಲಿ ಬೇಗ ಬೇಗ ಟೈಪ್ ಮಾಡ್ತೀನಿ. ಹತ್ತು ಬೆರಳು ಕಲೀಲೇಬೇಕಾ?

ಕಲಿಯಿರಿ ಎಂದೇ ಹೇಳುತ್ತೇನೆ. ವೇಗಕ್ಕಿಂತ ಮುಖ್ಯವಾದ ಕಾರಣ ಕಣ್ಣು. ಎರಡು ಬೆರಳಲ್ಲಿ ಟೈಪ್ ಮಾಡುವವರ ಕಣ್ಣು ಕೀಬೋರ್ಡ್ ಬಿಟ್ಟು ಏಳುವುದಿಲ್ಲ. ಪುಸ್ತಕ ನೋಡಿ ಒಂದು ಪ್ಯಾರಾ ಟೈಪ್ ಮಾಡಿ ಅಂದರೆ ಅವರ ತಲೆ ಪುಸ್ತಕ, ಕೀಬೋರ್ಡ್, ಸ್ಕ್ರೀನ್ ಮೂರರ ನಡುವೆ ಓಡಾಡುತ್ತಲೇ ಇರುತ್ತದೆ. ಪ್ರತಿ ಸಲವೂ ಎಲ್ಲಿದ್ದೆ ಅಂತ ಹುಡುಕಬೇಕು. ಒಂದು ಸಾಲು ಬಿಟ್ಟುಹೋಗುತ್ತದೆ, ಇನ್ನೊಂದು ಎರಡು ಸಲ ಬರುತ್ತದೆ.

ಈ ಚರ್ಚೆ ತುಂಬಾ ಹಳೆಯದು. 1888ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಇಬ್ಬರು ಟೈಪಿಸ್ಟುಗಳ ನಡುವೆ ಪಂದ್ಯ ನಡೆಯಿತು. ಫ್ರಾಂಕ್ ಮೆಕ್‌ಗರಿನ್ ಕೀಗಳನ್ನು ನೋಡದೆ ಎಲ್ಲ ಬೆರಳುಗಳಿಂದ ಟೈಪ್ ಮಾಡುತ್ತಿದ್ದರು. ಎದುರಾಳಿ ಲೂಯಿ ಟ್ರಾಬ್ ನೋಡಿಕೊಂಡು ಟೈಪ್ ಮಾಡುತ್ತಿದ್ದರು. ಗೆದ್ದವರು ಮೆಕ್‌ಗರಿನ್. ನೋಡದೆ ಟೈಪ್ ಮಾಡುವ ಪದ್ಧತಿ ಜನಪ್ರಿಯವಾಗಲು ಆ ಗೆಲುವೂ ಒಂದು ಕಾರಣ.

ಸ್ವಂತವಾಗಿ ಬರೆಯುವಾಗ ಇದರ ಲಾಭ ಇನ್ನೂ ಜಾಸ್ತಿ. ಅಕ್ಷರ ಹುಡುಕುವ ಕೆಲಸವನ್ನು ಕೈ ನೋಡಿಕೊಂಡರೆ, ಮುಂದಿನ ವಾಕ್ಯ ಏನು ಅಂತ ಯೋಚಿಸಲು ತಲೆಗೆ ಬಿಡುವು ಸಿಗುತ್ತದೆ.

ಕೈ ಎಲ್ಲಿ ಇಡಬೇಕು? ಎಫ್ ಮತ್ತು ಜೆ ಮೇಲೆ ಸಣ್ಣ ಗೆರೆ ಯಾಕಿದೆ?

ಆ ಗೆರೆ ಇರುವುದೇ ಕೈ ಎಲ್ಲಿಡಬೇಕು ಅಂತ ಹೇಳಲು. ಎಡಗೈ ತೋರುಬೆರಳು ಎಫ್ ಮೇಲೆ, ಬಲಗೈ ತೋರುಬೆರಳು ಜೆ ಮೇಲೆ. ಉಳಿದ ಬೆರಳುಗಳು ತಾವಾಗಿ ಸಾಲಾಗಿ ಕೂರುತ್ತವೆ. ಎಡಗೈಗೆ ಎ, ಎಸ್, ಡಿ, ಎಫ್. ಬಲಗೈಗೆ ಜೆ, ಕೆ, ಎಲ್, ಸೆಮಿಕೋಲನ್. ಹೆಬ್ಬೆರಳು ಸ್ಪೇಸ್ ಬಾರ್ ಮೇಲೆ. ಈ ನಡುವಿನ ಸಾಲಿಗೆ ಹೋಮ್ ರೋ ಅನ್ನುತ್ತಾರೆ, ಬೆರಳುಗಳ ಮನೆ. ಯಾವ ಕೀ ಒತ್ತಲು ಹೋದರೂ ಬೆರಳು ಮತ್ತೆ ಮನೆಗೆ ಬರಬೇಕು. ಈ ಸಾಲಿನಲ್ಲಿ ತೋರುಬೆರಳುಗಳಿಗೆ ಮಾತ್ರ ಎರಡೆರಡು ಅಕ್ಷರಗಳ ಹೊಣೆ: ಎಡಗೈಯದು ಜಿ ಕಡೆಗೂ ಚಾಚುತ್ತದೆ, ಬಲಗೈಯದು ಹೆಚ್ ಕಡೆಗೂ ಚಾಚುತ್ತದೆ.

ಅಕ್ಷರಗಳು ಎ, ಬಿ, ಸಿ, ಡಿ ಅಂತ ಕ್ರಮವಾಗಿ ಇದ್ದಿದ್ದರೆ ಸುಲಭ ಇರ್ತಿತ್ತು ಅಲ್ವಾ?

ಹುಡುಕುವುದು ಸುಲಭ ಇರುತ್ತಿತ್ತು. ಆದರೆ ಅಭ್ಯಾಸ ಆದ ಮೇಲೆ ಹುಡುಕುವ ಪ್ರಶ್ನೆಯೇ ಬರುವುದಿಲ್ಲ. ಈಗಿನ ಜೋಡಣೆಯ ಬೇರು ಅಮೆರಿಕದ ಕ್ರಿಸ್ಟೋಫರ್ ಲೇತಮ್ ಶೋಲ್ಸ್ ಮತ್ತು ಅವರ ಜೊತೆಗಾರರು ರೂಪಿಸಿದ ಟೈಪ್‌ರೈಟರ್‌ನಲ್ಲಿದೆ. ಅವರಿಗೆ ಪೇಟೆಂಟ್ ಸಿಕ್ಕಿದ್ದು 1868ರಲ್ಲಿ. 1870ರ ದಶಕದಲ್ಲಿ ರೆಮಿಂಗ್ಟನ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಮೇಲಿನ ಸಾಲಿನ ಮೊದಲ ಆರು ಅಕ್ಷರ ಕೂಡಿಸಿ ಈ ಜೋಡಣೆಗೆ ಕ್ವರ್ಟಿ ಅನ್ನುತ್ತಾರೆ. ಟೈಪ್‌ರೈಟರ್‌ನ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲಿ ಅಂತ ಹೀಗೆ ಮಾಡಿದರು ಎಂಬ ಮಾತು ಎಲ್ಲ ಕಡೆ ಇದೆ. ಇತಿಹಾಸ ಬಲ್ಲವರೆಲ್ಲ ಅದನ್ನು ಒಪ್ಪುವುದಿಲ್ಲ.

1936ರಲ್ಲಿ ಆಗಸ್ಟ್ ಡ್ವೊರಾಕ್ ಬೇರೆ ಜೋಡಣೆಗೆ ಪೇಟೆಂಟ್ ಪಡೆದರು. ಅದರಲ್ಲಿ ಎ, ಇ, ಐ, ಒ, ಯು ಐದೂ ಎಡಗೈಯ ಮನೆ ಸಾಲಿನಲ್ಲೇ ಇವೆ. ಇಂದಿಗೂ ಹೆಚ್ಚಿನ ಕಂಪ್ಯೂಟರುಗಳಲ್ಲಿ ಅದನ್ನು ಆರಿಸಿಕೊಳ್ಳಬಹುದು. ಆದರೆ ತರಗತಿಯಲ್ಲಿ ಕ್ವರ್ಟಿಯನ್ನೇ ಕಲಿಯಿರಿ. ನಾಳೆ ಯಾವ ಕಂಪ್ಯೂಟರ್ ಮುಂದೆ ಕೂತರೂ ಹೆಚ್ಚಾಗಿ ಸಿಗುವುದು ಅದೇ.

ಕೆಳಗೆ ನೋಡಬಾರದು ಅಂತ ಗೊತ್ತು. ಆದರೂ ಕಣ್ಣು ಹೋಗೇ ಹೋಗುತ್ತೆ. ಏನು ಮಾಡಲಿ?

ಇದಕ್ಕಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಕಣ್ಣು ಕೆಳಗೆ ಹೋಗುವುದು ಬೆರಳಿಗೆ ಇನ್ನೂ ಧೈರ್ಯ ಬಂದಿಲ್ಲ ಎಂಬ ಗುರುತು, ಅಷ್ಟೇ. ಕೈಗಳ ಮೇಲೆ ಒಂದು ತೆಳು ಬಟ್ಟೆ ಅಥವಾ ಕಾಗದ ಹೊದಿಸಿ ಹತ್ತು ನಿಮಿಷ ಟೈಪ್ ಮಾಡಿ. ಮೊದಲ ದಿನ ಬರೀ ಮನೆ ಸಾಲು. ಒತ್ತುವ ಅಕ್ಷರದ ಹೆಸರನ್ನು ಮೆಲ್ಲಗೆ ಬಾಯಲ್ಲಿ ಹೇಳಿಕೊಳ್ಳಿ. ತಪ್ಪಾದರೂ ಬಟ್ಟೆ ತೆಗೆಯಬೇಡಿ. ಎಫ್ ಮತ್ತು ಜೆ ಗೆರೆಗಳನ್ನು ತಡವಿ, ಅಲ್ಲಿಂದ ಮತ್ತೆ ಹೊರಡಿ.

ನನ್ನ ತರಗತಿಯಲ್ಲಿ ಮಕ್ಕಳು ಇಣುಕುವುದು ಹೆಚ್ಚಾಗಿ ಬಿ, ವೈ ಮತ್ತು ಅಂಕಿಗಳಿಗೆ. ಮೂರೂ ಮನೆಯಿಂದ ದೂರ. ನಿಮ್ಮ ಕಣ್ಣು ಯಾವ ಅಕ್ಷರಕ್ಕೆ ಕೆಳಗೆ ಹೋಗುತ್ತದೆ ಅಂತ ಒಂದು ದಿನ ಬರೆದಿಟ್ಟುಕೊಳ್ಳಿ. ಆ ನಾಲ್ಕೈದು ಕೀಗಳನ್ನೇ ಬೇರೆಯಾಗಿ ಅಭ್ಯಾಸ ಮಾಡಿದರೆ ಉಳಿದದ್ದು ತಾನೇ ಸರಿಹೋಗುತ್ತದೆ.

ಹೇಗೆ ಕೂರಬೇಕು?

ಪಾದ ನೆಲಕ್ಕೆ ತಾಗಬೇಕು, ಬೆನ್ನಿಗೆ ಆಸರೆ ಇರಬೇಕು, ಮೊಣಕೈ ಕೀಬೋರ್ಡಿನ ಎತ್ತರದಲ್ಲಿರಬೇಕು. ಮಣಿಕಟ್ಟು ಮೇಲಕ್ಕೆ ಬಾಗದೆ ನೇರ ಇರಲಿ. ಕೈ ನೋಯುತ್ತಿದ್ದರೆ ನಿಲ್ಲಿಸಿ, ನೋವು ಸಹಿಸಿಕೊಂಡು ಅಭ್ಯಾಸ ಮಾಡಬೇಡಿ.

ಈಗ ಮಾತಾಡಿದರೆ ಸಾಕು, ಫೋನೇ ಬರೆದುಕೊಳ್ಳುತ್ತೆ. ನನ್ನ ಮಗನಿಗೆ ಟೈಪಿಂಗ್ ಯಾಕೆ?

ಒಂದು ಸಂದೇಶ ಕಳಿಸಲು ಮಾತು ಸಾಕು. ಹತ್ತು ಪುಟದ ಪ್ರಾಜೆಕ್ಟ್ ವರದಿಯಲ್ಲಿ ಮೂರನೇ ಪ್ಯಾರಾವನ್ನು ಮೇಲೆ ತಂದು, ಅದರ ಎರಡನೇ ವಾಕ್ಯವನ್ನು ಒಡೆದು, ಒಂದು ಪದ ಬದಲಿಸುವುದನ್ನು ಬಾಯಲ್ಲಿ ಹೇಳಿ ಮಾಡಿಸಿ ನೋಡಿ. ಬರೆಯುವುದು ಅಂದರೆ ಹೆಚ್ಚಿನ ಪಾಲು ತಿದ್ದುವುದೇ. ತಿದ್ದಲು ಕೈ ಬೇಕು. ಮೂವತ್ತು ಮಂದಿ ಕೂತಿರುವ ತರಗತಿಯಲ್ಲಿ ಎಲ್ಲರೂ ಮಾತಾಡುತ್ತಾ ಬರೆಯಲು ಆಗುವುದೂ ಇಲ್ಲ.

ನನ್ನ ಮಗಳಿಗೆ ಒಂದು ಕೈಯಲ್ಲಿ ಬಲ ಕಡಿಮೆ. ಅವಳು ಈ ತರಗತಿಗೆ ಸೇರಬಹುದಾ?

ಖಂಡಿತ ಸೇರಿಸಿ. ಶಿಫ್ಟ್ ಒತ್ತಿ ಹಿಡಿದು ಇನ್ನೊಂದು ಕೀ ಒತ್ತುವುದು ಕಷ್ಟವಾದರೆ ಸ್ಟಿಕಿ ಕೀಸ್ ಎಂಬ ಸೌಲಭ್ಯ ಇದೆ. ವಿಂಡೋಸ್‌ನಲ್ಲಿ ಶಿಫ್ಟ್ ಕೀಯನ್ನು ಐದು ಸಲ ಒತ್ತಿದರೆ ಅದನ್ನು ಆನ್ ಮಾಡಲೇ ಅಂತ ಕೇಳುತ್ತದೆ. ಆಮೇಲೆ ಒಂದೊಂದೇ ಕೀಯನ್ನು ಬೇರೆ ಬೇರೆಯಾಗಿ ಒತ್ತಿದರೆ ಸಾಕು. ಒಂದೇ ಕೈಯಲ್ಲಿ ಟೈಪ್ ಮಾಡುವವರಿಗಾಗಿ ಡ್ವೊರಾಕ್ ಜೋಡಣೆಯ ಎಡಗೈ ಮತ್ತು ಬಲಗೈ ರೂಪಗಳೂ ವಿಂಡೋಸ್‌ನಲ್ಲಿವೆ. ಶಿಕ್ಷಕರ ಜೊತೆ ಮೊದಲ ದಿನವೇ ಮಾತಾಡಿ. ಅವಳ ಗುರಿಯನ್ನು ಅವಳ ಹಿಂದಿನ ವಾರದ ಜೊತೆ ಹೋಲಿಸಬೇಕು, ಪಕ್ಕದವರ ಜೊತೆ ಬೇಡ.

## ವೇಗ, ತಪ್ಪು, ಅಭ್ಯಾಸ

ಡಬ್ಲ್ಯೂಪಿಎಂ ಅಂದ್ರೆ ಏನು? ಉದ್ದ ಪದಗಳು ಬಂದರೆ ನಮಗೆ ಅನ್ಯಾಯ ಆಗಲ್ವಾ?

ಒಂದು ನಿಮಿಷಕ್ಕೆ ಎಷ್ಟು ಪದ ಎಂಬ ಲೆಕ್ಕ ಅದು. ಅನ್ಯಾಯ ಆಗುವುದಿಲ್ಲ. ಈ ಲೆಕ್ಕದಲ್ಲಿ ಪದ ಅಂದರೆ ಐದು ಒತ್ತು, ಸ್ಪೇಸ್ ಕೂಡ ಸೇರಿ. ಉದ್ದ ಪದ ಬಂದರೆ ಅದು ಎರಡು ಮೂರು ಪದ ಅಂತಲೇ ಎಣಿಕೆಯಾಗುತ್ತದೆ.

ಐದು ನಿಮಿಷದಲ್ಲಿ 750 ಒತ್ತು ಆಯಿತು ಅನ್ನಿ. ಐದರಿಂದ ಭಾಗಿಸಿದರೆ 150 ಪದ. ಐದು ನಿಮಿಷಕ್ಕೆ 150, ಅಂದರೆ ನಿಮಿಷಕ್ಕೆ 30. ತಪ್ಪು ಲೆಕ್ಕಿಸದ ಒಟ್ಟು ವೇಗ ಇದು. ಹತ್ತು ತಪ್ಪು ಉಳಿದಿದ್ದರೆ ನಿಮಿಷಕ್ಕೆ ಎರಡು ತಪ್ಪು ಅಂತಾಯಿತು. ಅದನ್ನು ಕಳೆದರೆ 28, ಅದು ನಿವ್ವಳ ವೇಗ. ತಪ್ಪು ಕಳೆಯುವ ರೀತಿ ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ ಇರುತ್ತದೆ, ಮೊದಲೇ ಕೇಳಿಕೊಳ್ಳಿ.

ಹತ್ತು ಬೆರಳು ಶುರು ಮಾಡಿದ ಮೇಲೆ ನನ್ನ ವೇಗ ಅರ್ಧಕ್ಕೆ ಇಳಿದಿದೆ! ಹಳೇ ರೀತಿಗೆ ವಾಪಸ್ ಹೋಗ್ಲಾ?

ದಯವಿಟ್ಟು ಬೇಡ. ಎಲ್ಲರಿಗೂ ಹೀಗೇ ಆಗುತ್ತದೆ, ಅದರಲ್ಲೂ ಎರಡು ಬೆರಳಲ್ಲಿ ಚುರುಕಾಗಿದ್ದವರಿಗೆ ಜಾಸ್ತಿ ಸಂಕಟ. ಮಕ್ಕಳು ಕೈಬಿಡುವುದು ಈ ಹಂತದಲ್ಲೇ, ಇನ್ನೇನು ಬಂದೇ ಬಿಡುತ್ತದೆ ಅನ್ನುವಾಗ. ಬೇಗ ಮುಗಿಸಬೇಕಾದ ಕೆಲಸ ಇದ್ದಾಗ ಹಳೇ ರೀತಿಗೆ ಮರಳುವುದೇ ದೊಡ್ಡ ತೊಡಕು, ಯಾಕೆಂದರೆ ಆಗ ಬೆರಳುಗಳು ಎರಡು ಅಭ್ಯಾಸಗಳ ನಡುವೆ ಗೊಂದಲಕ್ಕೆ ಬೀಳುತ್ತವೆ. ಕೆಲವು ವಾರ ನಿಧಾನ ಆದರೂ ಪರವಾಗಿಲ್ಲ ಅಂತ ಬೇರೆ ವಿಷಯಗಳ ಶಿಕ್ಷಕರಿಗೂ ಹೇಳಿಡಿ.

ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡಬೇಕು?

ಹದಿನೈದರಿಂದ ಇಪ್ಪತ್ತು ನಿಮಿಷ, ಆದರೆ ದಿನಾ. ಭಾನುವಾರ ಒಂದೇ ಸಲ ಎರಡು ಗಂಟೆ ಕೂತರೆ ಕೈ ದಣಿಯುತ್ತದೆ, ದಣಿದ ಕೈ ತಪ್ಪನ್ನೇ ಕಲಿಯುತ್ತದೆ.

ತಿಂಗಳಿಂದ ವೇಗ ಒಂದೇ ಕಡೆ ನಿಂತಿದೆ. ಏನು ಕಾರಣ?

ಹೆಚ್ಚಾಗಿ ಬ್ಯಾಕ್‌ಸ್ಪೇಸ್. ಒಂದು ತಪ್ಪು ಅಕ್ಷರ ಅಂದರೆ ಅದನ್ನು ಒತ್ತಿದ್ದು, ಅಳಿಸಿದ್ದು, ಸರಿಯಾದದ್ದನ್ನು ಒತ್ತಿದ್ದು, ಒಟ್ಟು ಮೂರು ಒತ್ತು. ಅದರ ಜೊತೆ ಲಯವೂ ಕೆಡುತ್ತದೆ. ಆದ್ದರಿಂದ ಒಂದು ವಾರ ವೇಗ ಮರೆತುಬಿಡಿ. ಒಂದೂ ತಪ್ಪಿಲ್ಲದೆ ಮೂರು ಸಾಲು ಮುಗಿಸುವಷ್ಟು ನಿಧಾನವಾಗಿ ಟೈಪ್ ಮಾಡಿ. ಪ್ರತಿ ಒತ್ತಿನ ನಡುವಿನ ಬಿಡುವು ಒಂದೇ ಸಮ ಇರಲಿ. ಸುಲಭದ ಅಕ್ಷರಗಳನ್ನು ಪಟಪಟ ಒತ್ತಿ ಕಷ್ಟದ್ದಕ್ಕೆ ನಿಲ್ಲುವವರಿಗಿಂತ, ಎಲ್ಲವನ್ನೂ ಒಂದೇ ತಾಳದಲ್ಲಿ ಒತ್ತುವವರು ಕೊನೆಗೆ ಮುಂದೆ ಹೋಗುವುದನ್ನು ನಾನು ತರಗತಿಯಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಇನ್ನೊಂದು ಕಾರಣ ಶಿಫ್ಟ್. ದೊಡ್ಡ ಅಕ್ಷರ ಎಡಗೈಯಲ್ಲಿ ಬರುವುದಾದರೆ ಬಲಗಡೆಯ ಶಿಫ್ಟ್ ಒತ್ತಬೇಕು, ಬಲಗೈಯಲ್ಲಿ ಬರುವುದಾದರೆ ಎಡಗಡೆಯದು. ಒಂದೇ ಶಿಫ್ಟ್ ಬಳಸುವವರ ಕೈ ಪ್ರತಿ ವಾಕ್ಯದ ಶುರುವಿನಲ್ಲೂ ಮನೆ ಬಿಟ್ಟು ಹೋಗುತ್ತದೆ.

ಇಂಗ್ಲಿಷ್ ಟೈಪಿಂಗ್ ಕಲಿತರೆ ಕನ್ನಡವೂ ಬರುತ್ತಾ?

ಕೈ ಇಡುವ ರೀತಿ, ನೋಡದೆ ಒತ್ತುವ ಅಭ್ಯಾಸ ಹಾಗೇ ಬರುತ್ತದೆ. ಅಕ್ಷರದ ಜಾಗ ಮಾತ್ರ ಹೊಸದಾಗಿ ಕಲಿಯಬೇಕು. ಭಾರತೀಯ ಭಾಷೆಗಳಿಗಾಗಿ ಮಾಡಿದ ಇನ್‌ಸ್ಕ್ರಿಪ್ಟ್ ಜೋಡಣೆಯಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಕೆ. ಪಿ. ರಾವ್ ಅವರ ಜೋಡಣೆಯಲ್ಲಿ ಉಚ್ಚಾರಕ್ಕೆ ಹೊಂದುವ ಇಂಗ್ಲಿಷ್ ಕೀಗಳು. ‘ಅಕ್ಕ’ ಅಂತ ಬರೆಯಲು ಅದರಲ್ಲಿ ಎ, ಕೆ, ಎಫ್, ಕೆ ಒತ್ತುತ್ತೇವೆ. ಎಫ್ ಅಲ್ಲಿ ಒತ್ತಕ್ಷರ ಕೂಡಿಸುವ ಕೆಲಸ ಮಾಡುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಆ ಕೆಲಸ ಡಿ ಕೀಯದು. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ, ಎರಡನ್ನೂ ಒಟ್ಟಿಗೆ ಬೇಡ. ಬರಹ ಯೂನಿಕೋಡ್‌ನಲ್ಲೇ ಇರಲಿ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿಯಲ್ಲಿ. ಹಳೇ ಫಾಂಟ್ ಪದ್ಧತಿಯಲ್ಲಿ ಟೈಪ್ ಮಾಡಿದ ಕನ್ನಡ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ.

## ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್

ಹೆಡಿಂಗನ್ನು ಸ್ಪೇಸ್ ಒತ್ತಿ ಒತ್ತಿ ಮಧ್ಯಕ್ಕೆ ತಂದೆ. ಸರಿಯಾಗೇ ಕಾಣ್ತಿದೆ. ಮಾರ್ಕ್ಸ್ ಯಾಕೆ ಕಟ್?

ಈ ತರಗತಿಯ ಅರ್ಧ ಪಾಠ ಈ ಒಂದು ಪ್ರಶ್ನೆಯಲ್ಲಿದೆ. ನಿಮ್ಮ ಸ್ಕ್ರೀನಿನಲ್ಲಿ ಈ ಕ್ಷಣಕ್ಕೆ ಅದು ಮಧ್ಯದಲ್ಲಿದೆ, ನಿಜ. ಆದರೆ ಇದು ಮಧ್ಯದಲ್ಲಿರಬೇಕು ಅಂತ ನೀವು ಕಂಪ್ಯೂಟರಿಗೆ ಹೇಳಲೇ ಇಲ್ಲ. 27 ಖಾಲಿ ಜಾಗ ಆದ ಮೇಲೆ ಹೆಡಿಂಗ್ ಅಂತ ಹೇಳಿದ್ದೀರಿ. ಫಾಂಟ್ ಬದಲಿಸಿದರೆ, ಅಕ್ಷರ ದೊಡ್ಡದು ಮಾಡಿದರೆ, ಮಾರ್ಜಿನ್ ಸರಿಸಿದರೆ ಆ 27 ಜಾಗದ ಅಗಲ ಬೇರೆಯಾಗುತ್ತದೆ, ಹೆಡಿಂಗ್ ಪಕ್ಕಕ್ಕೆ ಸರಿಯುತ್ತದೆ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಇಡೀ ಆಹ್ವಾನ ಪತ್ರಿಕೆಯನ್ನು ಹೀಗೆ ಸ್ಪೇಸ್‌ನಲ್ಲೇ ಜೋಡಿಸಿದ್ದಳು. ಪ್ರಿಂಟ್ ತೆಗೆದ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಒಂದು ಸಾಲೂ ನೆಟ್ಟಗೆ ನಿಲ್ಲಲಿಲ್ಲ. ಅವಳು ಕಣ್ಣೀರು ಹಾಕಿದಳು, ನಾವಿಬ್ಬರೂ ಕೂತು ಮತ್ತೆ ಮಾಡಿದೆವು.

ಆದ್ದರಿಂದ ಪ್ರತಿ ಕೆಲಸಕ್ಕೂ ಅದರದ್ದೇ ಆದ ಆದೇಶ ಬಳಸಿ. ಮಧ್ಯಕ್ಕೆ ಕಂಟ್ರೋಲ್ + ಇ. ಪ್ಯಾರಾದ ಮೊದಲ ಸಾಲು ಒಳಗೆ ಹೋಗಲು ಇಂಡೆಂಟ್. ಪ್ಯಾರಾಗಳ ನಡುವೆ ಜಾಗ ಬೇಕಾದರೆ ಪ್ಯಾರಾ ಸ್ಪೇಸಿಂಗ್, ಎರಡೆರಡು ಎಂಟರ್ ಬೇಡ. ಹೆಸರು ಮತ್ತು ಅಂಕಗಳನ್ನು ಎದುರು ಬದುರಾಗಿ ಕೂರಿಸಲು ಟ್ಯಾಬ್ ಸ್ಟಾಪ್ (ಟ್ಯಾಬ್ ಒತ್ತಿದಾಗ ಬರಹ ಹೋಗಿ ನಿಲ್ಲುವ ಗೊತ್ತಾದ ಜಾಗ) ಅಥವಾ ಟೇಬಲ್.

ನಿಮ್ಮ ಫೈಲನ್ನು ನೀವೇ ಪರೀಕ್ಷಿಸಬಹುದು. ವರ್ಡ್‌ನಲ್ಲಿ ಕಂಟ್ರೋಲ್ + ಶಿಫ್ಟ್ + 8, ಲಿಬ್ರೆಆಫೀಸ್ ರೈಟರ್‌ನಲ್ಲಿ ಕಂಟ್ರೋಲ್ + ಎಫ್10 ಒತ್ತಿ. ಕಾಣದ ಗುರುತುಗಳೆಲ್ಲ ಕಾಣುತ್ತವೆ. ಪ್ರತಿ ಸ್ಪೇಸಿಗೂ ಒಂದು ಚುಕ್ಕಿ. ಚುಕ್ಕಿಗಳ ಸಾಲೇ ಕಂಡರೆ ಅಲ್ಲಿ ಕೆಲಸ ಬಾಕಿ ಇದೆ ಅಂತ ಅರ್ಥ.

ಮಾರ್ಜಿನ್ ಎಷ್ಟು, ಅಕ್ಷರ ಎಷ್ಟು ದೊಡ್ಡದು, ಸಾಲುಗಳ ನಡುವೆ ಎಷ್ಟು ಬಿಡಬೇಕು?

ಬೇರೆ ಸೂಚನೆ ಇಲ್ಲದಿದ್ದರೆ ನಾಲ್ಕೂ ಕಡೆ ಒಂದು ಇಂಚು, ಅಂದರೆ 2.54 ಸೆಂಟಿಮೀಟರ್. ಅಕ್ಷರ 12 ಪಾಯಿಂಟ್. ಒಂದು ಇಂಚಿಗೆ 72 ಪಾಯಿಂಟ್, ಹಾಗಾಗಿ 12 ಪಾಯಿಂಟ್ ಅಂದರೆ ಇಂಚಿನ ಆರನೇ ಒಂದು ಭಾಗ. ಶಿಕ್ಷಕರು ಪೆನ್ನಿನಲ್ಲಿ ತಿದ್ದುವ ಪ್ರಬಂಧವಾದರೆ ಸಾಲಿನ ಅಂತರ ಎರಡು ಪಟ್ಟು ಇಡಿ. ಟೈಪ್ ಮಾಡುವ ಮೊದಲೇ ಕಾಗದದ ಅಳತೆ ನೋಡಿ. ಎ4 ಕಾಗದ 210 × 297 ಮಿಲಿಮೀಟರ್, ಲೆಟರ್ ಕಾಗದ ಸುಮಾರು 216 × 279. ಫೈಲಿನಲ್ಲಿ ಒಂದು, ಪ್ರಿಂಟರಿನಲ್ಲಿ ಇನ್ನೊಂದು ಇದ್ದರೆ ಸಾಲುಗಳು ಮುಂದಿನ ಪುಟಕ್ಕೆ ಜಾರುತ್ತವೆ.

ಹೊಸ ಪುಟಕ್ಕೆ ಹೋಗೋವರೆಗೂ ಎಂಟರ್ ಒತ್ತಬಹುದಾ?

ಬೇಡ. ಕಂಟ್ರೋಲ್ + ಎಂಟರ್ ಒತ್ತಿ. ಮೇಲೆ ಎಷ್ಟು ಸಾಲು ಸೇರಿಸಿದರೂ ಮುಂದಿನ ಭಾಗ ಹೊಸ ಪುಟದ ಮೇಲ್ತುದಿಯಲ್ಲೇ ಶುರುವಾಗುತ್ತದೆ.

ಪೂರ್ಣವಿರಾಮ ಆದ ಮೇಲೆ ಒಂದು ಸ್ಪೇಸಾ, ಎರಡಾ? ನಮ್ಮ ತಾತ ಎರಡು ಅಂತಾರೆ.

ತಾತ ಕಲಿತದ್ದು ಟೈಪ್‌ರೈಟರ್‌ನಲ್ಲಿ, ಅಲ್ಲಿ ಅವರದ್ದು ಸರಿ. ಅದರಲ್ಲಿ ಎಲ್ಲ ಅಕ್ಷರಗಳ ಅಗಲ ಒಂದೇ. ವಾಕ್ಯ ಮುಗಿದದ್ದು ಎದ್ದು ಕಾಣಲಿ ಅಂತ ಎರಡು ಸಲ ಒತ್ತುತ್ತಿದ್ದರು. ಈಗಿನ ಹೆಚ್ಚಿನ ಫಾಂಟುಗಳಲ್ಲಿ ಅಕ್ಷರಕ್ಕೆ ತಕ್ಕ ಅಗಲ ಇದೆ, ಒಂದು ಸಾಕು. ವರ್ಡ್ ಕೂಡ 2020ರಿಂದ ಎರಡು ಸ್ಪೇಸನ್ನು ತಪ್ಪು ಅಂತ ಗುರುತು ಹಾಕುತ್ತದೆ.

ಎರಡೂ ಬದಿ ಸಮ ಇದ್ದರೆ ಚೆಂದ ಅಲ್ವಾ? ಎಡಗಡೆ ಮಾತ್ರ ಯಾಕೆ ಸಮ ಮಾಡಿಸ್ತೀರಿ?

ಎರಡೂ ಬದಿ ಸಮ ಮಾಡಲು ಕಂಪ್ಯೂಟರ್ ಪದಗಳ ನಡುವೆ ಜಾಗ ಹಿಗ್ಗಿಸುತ್ತದೆ. ಕನ್ನಡದಲ್ಲಿ ಪದಗಳು ಉದ್ದ, ಸಾಲಿಗೆ ಬರುವುದೇ ಕೆಲವು ಪದ. ಹಾಗಾಗಿ ನಡುವೆ ದೊಡ್ಡ ದೊಡ್ಡ ಖಾಲಿ ಕಿಂಡಿಗಳು ಬೀಳುತ್ತವೆ. ಎಡಕ್ಕೆ ಸಮ ಇದ್ದು ಬಲಕ್ಕೆ ಏರುಪೇರಾಗಿದ್ದರೆ ಓದಲು ಹಿತ.

ಔಪಚಾರಿಕ ಪತ್ರದಲ್ಲಿ ಏನು ಎಲ್ಲಿ ಬರಬೇಕು?

ಎಲ್ಲವನ್ನೂ ಎಡ ಮಾರ್ಜಿನ್‌ನಿಂದಲೇ ಶುರು ಮಾಡುವುದು ಬ್ಲಾಕ್ ಪದ್ಧತಿ, ಮೊದಲು ಅದನ್ನೇ ಕಲಿಯಿರಿ. ಬರೆಯುವವರ ವಿಳಾಸ, ದಿನಾಂಕ, ಪಡೆಯುವವರ ವಿಳಾಸ, ಸಂಬೋಧನೆ, ವಿಷಯದ ಪ್ಯಾರಾಗಳು, ಮುಕ್ತಾಯ, ಸಹಿಗೆ ಮೂರು ಸಾಲು ಜಾಗ, ಹೆಸರು. ಜೊತೆಗೆ ಏನಾದರೂ ಲಗತ್ತಿಸಿದ್ದರೆ ಅದರ ಪಟ್ಟಿ ಕೊನೆಗೆ.

## ಇನ್ನೂ ಸ್ವಲ್ಪ ಮುಂದೆ

ಹೆಡಿಂಗ್ ದಪ್ಪ ಮಾಡಿ ದೊಡ್ಡದು ಮಾಡಿದರೆ ಆಯ್ತಲ್ಲ. ಸ್ಟೈಲ್ಸ್ ಅಂತ ಬೇರೆ ಯಾಕೆ?

ದಪ್ಪ ಮಾಡಿದಾಗ ಅದು ಹೆಡಿಂಗ್ ಅಂತ ನಿಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಹೆಡಿಂಗ್ 1 ಎಂಬ ಸ್ಟೈಲ್, ಅಂದರೆ ಹೆಸರಿಟ್ಟ ಸಿದ್ಧ ಫಾರ್ಮ್ಯಾಟ್, ಕೊಟ್ಟರೆ ಅದಕ್ಕೂ ಗೊತ್ತಾಗುತ್ತದೆ. ವರ್ಡ್ ಮತ್ತು ಗೂಗಲ್ ಡಾಕ್ಸ್ ಎರಡರಲ್ಲೂ ಕಂಟ್ರೋಲ್ + ಆಲ್ಟ್ + 1 ಒತ್ತಿದರೆ ಸಾಕು. ಆಮೇಲೆ ಪರಿವಿಡಿ ಕೈಯಲ್ಲಿ ಟೈಪ್ ಮಾಡಬೇಕಿಲ್ಲ, ಪುಟಸಂಖ್ಯೆ ಸಮೇತ ತಾನೇ ತಯಾರಾಗುತ್ತದೆ. ನಲವತ್ತು ಹೆಡಿಂಗ್‌ಗಳ ಬಣ್ಣ ಬದಲಿಸಬೇಕಾದರೆ ಸ್ಟೈಲನ್ನು ಒಂದು ಕಡೆ ತಿದ್ದಿದರೆ ಮುಗಿಯಿತು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಕಾರಣ ಬೇರೆ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ (ಸ್ಕ್ರೀನಿನಲ್ಲಿರುವುದನ್ನು ಓದಿ ಹೇಳುವ ಪ್ರೋಗ್ರಾಂ) ಬಳಸಿ ಓದುವಾಗ ಹೆಡಿಂಗಿನಿಂದ ಹೆಡಿಂಗಿಗೆ ಜಿಗಿಯುತ್ತಾರೆ. ಸುಮ್ನೆ ದಪ್ಪ ಮಾಡಿದ ಸಾಲು ಅವರಿಗೆ ಮಾಮೂಲಿ ಸಾಲಿನಂತೆಯೇ ಕೇಳಿಸುತ್ತದೆ. ಅವರು ಇಡೀ ವರದಿಯನ್ನು ಮೊದಲಿಂದ ಕೇಳುತ್ತಾ ಹೋಗಬೇಕಾಗುತ್ತದೆ.

ಮೊದಲ ಪುಟದಲ್ಲಿ ಪುಟಸಂಖ್ಯೆ ಬೇಡ. ಹೇಗೆ ತೆಗೆಯೋದು?

ಹೆಡರ್ ಅಥವಾ ಫೂಟರ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಮೊದಲ ಪುಟ ಬೇರೆ ಎಂಬ ಆಯ್ಕೆಗೆ ಗುರುತು ಹಾಕಿ. ಮುನ್ನುಡಿಗೆ ರೋಮನ್ ಅಂಕಿ, ಮುಖ್ಯ ಭಾಗಕ್ಕೆ 1ರಿಂದ ಎಣಿಕೆ ಬೇಕಾದರೆ ನಡುವೆ ಸೆಕ್ಷನ್ ಬ್ರೇಕ್ ಹಾಕಿ ಫೈಲನ್ನು ಎರಡು ಭಾಗ ಮಾಡಬೇಕು. ಕಂಟ್ರೋಲ್ + ಎಂಟರ್ ಹಾಕುವ ಬರೀ ಪೇಜ್ ಬ್ರೇಕ್ ಸಾಲದು.

ಆಕರ ಪುಸ್ತಕಗಳ ಪಟ್ಟಿಯಲ್ಲಿ ಎರಡನೇ ಸಾಲು ಒಳಗೆ ಇರಬೇಕಂತೆ. ಟ್ಯಾಬ್ ಒತ್ತಲಾ?

ಅದಕ್ಕೆ ಹ್ಯಾಂಗಿಂಗ್ ಇಂಡೆಂಟ್ ಅನ್ನುತ್ತಾರೆ. ಪಟ್ಟಿಯನ್ನು ಆರಿಸಿ, ವರ್ಡ್‌ನಲ್ಲಿ ಕಂಟ್ರೋಲ್ + ಟಿ ಒತ್ತಿ. ಆಕರಗಳನ್ನು ನಮೂದಿಸುವ ಎಂಎಲ್‌ಎ, ಎಪಿಎ ಎಂಬ ಎರಡು ಪದ್ಧತಿಗಳಲ್ಲೂ ಅದು ಅರ್ಧ ಇಂಚು. ಟ್ಯಾಬ್ ಒತ್ತಿ ಮಾಡಿದರೆ ಒಂದು ಪದ ಸೇರಿಸಿದ ಕೂಡಲೇ ಸಾಲು ಒಡೆಯುವ ಜಾಗ ಬದಲಾಗಿ, ಆ ಟ್ಯಾಬ್ ಸಾಲಿನ ಮಧ್ಯಕ್ಕೆ ಬಂದು ಕೂರುತ್ತದೆ.

ಸ್ಪೆಲ್‌ಚೆಕ್ ಕೆಂಪು ಗೆರೆ ತೋರಿಸಲಿಲ್ಲ, ಆದರೂ ತಪ್ಪು ಹೇಗೆ ಬಂತು?

‘ಕುದುರೆ ಹಲ್ಲು ತಿಂದಿತು’ ಅಂತ ಬರೆದರೆ ಅದು ಸುಮ್ಮನಿರುತ್ತದೆ. ಹಲ್ಲು ಸರಿಯಾದ ಪದವೇ, ಬೇಕಾದದ್ದು ಹುಲ್ಲು. ಹೆಸರು ಮತ್ತು ಅಂಕಿಗಳ ತಪ್ಪೂ ಅದಕ್ಕೆ ಸಿಗುವುದಿಲ್ಲ. ಮುಗಿದ ಮೇಲೆ ಒಂದು ಸಲ ಗಟ್ಟಿಯಾಗಿ ಓದಿ. ಅಂಕಿಗಳನ್ನು ಮೂಲದ ಪಕ್ಕದಲ್ಲಿಟ್ಟು ಒಂದೊಂದಾಗಿ ಬೆರಳಿಟ್ಟು ನೋಡಿ.

ಮನೆಯಲ್ಲಿ ಚೆನ್ನಾಗಿತ್ತು, ಶಾಲೆಯಲ್ಲಿ ತೆರೆದರೆ ಎಲ್ಲ ಚೆಲ್ಲಾಪಿಲ್ಲಿ. ಯಾಕೆ?

ನೀವು ಬಳಸಿದ ಫಾಂಟ್ ಅಲ್ಲಿ ಇಲ್ಲ, ಅಥವಾ ಪ್ರೋಗ್ರಾಂ ಬೇರೆ. ಬರೀ ಓದಲು ಅಥವಾ ಪ್ರಿಂಟ್ ತೆಗೆಯಲು ಕೊಡುವುದಾದರೆ ಪಿಡಿಎಫ್ ಮಾಡಿ ಕೊಡಿ. ತಿದ್ದಲು ಕೊಡುವುದಾದರೆ ಮೂಲ ಫೈಲ್ ಕೊಡಿ, ಎಲ್ಲ ಕಡೆ ಇರುವ ಫಾಂಟ್ ಬಳಸಿ.

ಗುಂಪು ಪ್ರಾಜೆಕ್ಟಿನಲ್ಲಿ ನಾಲ್ಕು ಜನ ನಾಲ್ಕು ರೀತಿ ಟೈಪ್ ಮಾಡಿದ್ದಾರೆ. ಎಲ್ಲವನ್ನೂ ಒಂದೇ ರೀತಿ ಮಾಡೋದು ಹೇಗೆ?

ಮೊದಲು ನಾಲ್ಕೂ ಫೈಲುಗಳ ಒಂದೊಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ. ಹೊಸ ಖಾಲಿ ಫೈಲ್ ತೆರೆದು ಮಾರ್ಜಿನ್ ಮತ್ತು ಸ್ಟೈಲ್‌ಗಳನ್ನು ತಯಾರು ಮಾಡಿ. ಆಮೇಲೆ ಒಬ್ಬೊಬ್ಬರ ಬರಹವನ್ನೂ ಕಾಪಿ ಮಾಡಿ, ಫಾರ್ಮ್ಯಾಟ್ ಇಲ್ಲದ ಬರೀ ಅಕ್ಷರಗಳಾಗಿ ಪೇಸ್ಟ್ ಮಾಡಿ. ಗೂಗಲ್ ಡಾಕ್ಸ್‌ನಲ್ಲಿ ಅದಕ್ಕೆ ಕಂಟ್ರೋಲ್ + ಶಿಫ್ಟ್ + ವಿ. ಹೀಗೆ ಮಾಡಿದರೆ ಓರೆ ಅಕ್ಷರ, ದಪ್ಪ ಅಕ್ಷರಗಳೂ ಹೋಗುತ್ತವೆ, ಮೂಲ ನೋಡಿ ಅವನ್ನು ಮತ್ತೆ ಹಾಕಬೇಕು.

ಈಗ ಹುಡುಕಿ ಬದಲಿಸುವ ಕಿಟಕಿ ತೆರೆಯಿರಿ, ಕಂಟ್ರೋಲ್ + ಹೆಚ್. ಎರಡು ಸ್ಪೇಸ್ ಇರುವಲ್ಲಿ ಒಂದು ಅಂತ ಬದಲಿಸಿ, ಒಂದೂ ಸಿಗದವರೆಗೆ ಮತ್ತೆ ಮತ್ತೆ ಮಾಡಿ. ಪದಗಳನ್ನು ಮಾತ್ರ ಒಂದೇ ಏಟಿಗೆ ಬದಲಿಸಬೇಡಿ. ‘ರಮ’ ಎಂಬ ಹೆಸರನ್ನು ‘ರಾಮ’ ಅಂತ ಎಲ್ಲ ಕಡೆ ಬದಲಿಸಿದರೆ ‘ಪರಮ’ ಹೋಗಿ ‘ಪರಾಮ’ ಆಗಿರುತ್ತದೆ. ಒಂದೊಂದೇ ನೋಡಿ ಒಪ್ಪಿಗೆ ಕೊಡಿ. ಕೊನೆಗೆ ಮೇಲಿಂದ ಕೆಳಗೆ ಹೋಗುತ್ತಾ ಪ್ರತಿ ಹೆಡಿಂಗಿಗೆ ಹೆಡಿಂಗ್ ಸ್ಟೈಲ್, ಉಳಿದದ್ದಕ್ಕೆ ಮಾಮೂಲಿ ಸ್ಟೈಲ್ ಕೊಡಿ. ಮುಂದಿನ ಪ್ರಾಜೆಕ್ಟಿಗೆ ಆ ಖಾಲಿ ಫೈಲನ್ನೇ ನಾಲ್ವರಿಗೂ ಮೊದಲೇ ಹಂಚಿಬಿಡಿ.